ಐದು ಸಾವಿರದ ಸೀರೆಯಲ್ಲಿ ಬ್ಯಾಂಕಿನ ಪಾಲು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಸಣ್ಣದೊಂದು ಜವಳಿ ಅಂಗಡಿ ನಡೆಸುವ ದಂಪತಿ ವರ್ಷದ ಲೆಕ್ಕ ಹಿಡಿದುಕೊಂಡು ನನ್ನ ಕಚೇರಿಗೆ ಬಂದಾಗ, ಕಾರ್ಡ್ ಮೆಷಿನಿನ ಚೀಟಿಗಳ ಮೊತ್ತಕ್ಕೂ ಪಾಸ್‌ಬುಕ್ಕಿನ ಜಮೆಗೂ ತಾಳೆಯಾಗುತ್ತಿರಲಿಲ್ಲ. ಕಾರ್ಡ್ ಪಾವತಿಗೆ ಅಂಗಡಿಯವರಿಂದ ವಸೂಲು ಮಾಡುವ ಎಂ.ಡಿ.ಆರ್. (ಮರ್ಚೆಂಟ್ ಡಿಸ್ಕೌಂಟ್ ರೇಟ್) ಎಂಬ ಶುಲ್ಕವನ್ನು ಮುರಿದುಕೊಂಡು ಉಳಿದದ್ದನ್ನಷ್ಟೇ ಬ್ಯಾಂಕು ಖಾತೆಗೆ ಹಾಕುತ್ತದೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಮೆಷಿನ್ ಕೊಡುವಾಗ ಸಹಿ ಹಾಕಿಸಿಕೊಂಡ ಕರಾರುಪತ್ರ ಇಂಗ್ಲಿಷಿನಲ್ಲಿತ್ತು. ವಿವರಿಸಲು ಬಂದಾತ ಮಲಯಾಳ ಮಾತ್ರ ಬಲ್ಲವನಾಗಿದ್ದ.

ಶುಲ್ಕ ಬೀಳುವುದು ಮಾರಾಟದ ಪೂರ್ತಿ ಮೊತ್ತದ ಮೇಲೆ. 5,000 ರೂಪಾಯಿಯ ಸೀರೆಗೆ ಗಿರಾಕಿ ಕ್ರೆಡಿಟ್ ಕಾರ್ಡ್ ಕೊಟ್ಟರೆ, ಶೇ. 2ರ ದರದಲ್ಲಿ 100 ರೂಪಾಯಿ, ಅದರ ಮೇಲೆ ಶೇ. 18 ಜಿ.ಎಸ್.ಟಿ. ಸೇರಿ 118 ರೂಪಾಯಿ ಕಡಿತವಾಗುತ್ತದೆ. ಆ ಸೀರೆಯಲ್ಲಿ ಸಿಗುವ ಲಾಭವೇ 500 ರೂಪಾಯಿಯಾದರೆ ಅದರ ಹತ್ತಿರ ಹತ್ತಿರ ಕಾಲು ಭಾಗ ಅಲ್ಲಿಗೇ ಹೋಯಿತು. ಕ್ರೆಡಿಟ್ ಕಾರ್ಡಿನ ದರಕ್ಕೆ ರಿಸರ್ವ್ ಬ್ಯಾಂಕಿನ ಮಿತಿಯಿಲ್ಲ. ಕೊಲ್ಲಿ ರಾಷ್ಟ್ರಗಳಿಂದ ರಜೆಯಲ್ಲಿ ಬಂದವರು ಅಲ್ಲಿಯ ಬ್ಯಾಂಕಿನ ಕಾರ್ಡನ್ನೇ ಕೊಡುವುದು ನಮ್ಮ ಕಾಸರಗೋಡಿನಲ್ಲಿ ಸಾಮಾನ್ಯ. ಅಂಥ ಕಾರ್ಡುಗಳಿಗೆ ದರ ಸಾಮಾನ್ಯವಾಗಿ ಇನ್ನೂ ಹೆಚ್ಚು.

ಡೆಬಿಟ್ ಕಾರ್ಡಿನ ಮಾತು ಬೇರೆ. 2018ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಹಿಂದಿನ ಆರ್ಥಿಕ ವರ್ಷದಲ್ಲಿ 20 ಲಕ್ಷ ರೂಪಾಯಿ ತನಕ ವಹಿವಾಟು ಇದ್ದ ಅಂಗಡಿಯಿಂದ ಮೆಷಿನಿನ ಮೂಲಕ ಶೇ. 0.40ಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ, ಒಂದು ವ್ಯವಹಾರಕ್ಕೆ 200 ರೂಪಾಯಿ ಮೀರುವಂತಿಲ್ಲ. ದೊಡ್ಡ ಅಂಗಡಿಗಳಿಗೆ ಮಿತಿ ಶೇ. 0.90. ರುಪೇ ಡೆಬಿಟ್ ಕಾರ್ಡಿಗೂ ಬ್ಯಾಂಕ್ ಖಾತೆಯಿಂದ ನೇರ ಮಾಡುವ ಯು.ಪಿ.ಐ. ಪಾವತಿಗೂ 2020ರ ಜನವರಿ 1ರಿಂದ ಎಂ.ಡಿ.ಆರ್. ಇಲ್ಲ. ಈ ದಂಪತಿಯ ವಹಿವಾಟು 20 ಲಕ್ಷಕ್ಕಿಂತ ಕಡಿಮೆ. ಆದರೂ ತಿಂಗಳ ವಿವರಪಟ್ಟಿಯನ್ನು ಸಾಲುಸಾಲಾಗಿ ನೋಡಿದಾಗ ಡೆಬಿಟ್ ಕಾರ್ಡಿಗೆ ಶೇ. 0.90 ಹಾಕಿದ್ದು ಕಂಡಿತು. ಅಂಗಡಿಯನ್ನು ದೊಡ್ಡವರ ಪಟ್ಟಿಗೆ ಸೇರಿಸಿದ್ದು ಬ್ಯಾಂಕಿನ ತಪ್ಪು. ಅದರ ನಷ್ಟವನ್ನು ಹೊತ್ತವರು ಮಾತ್ರ ಇವರು. ಇದನ್ನು ಸಣ್ಣ ಮಾತೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಲೆಕ್ಕ ಬರೆಯುವಾಗ ಇನ್ನೊಂದು ಪೆಟ್ಟು ಇದೆ. ಆ ಸೀರೆಯ ಬಾಬ್ತು 118 ರೂಪಾಯಿ ಕಳೆದು ಖಾತೆಗೆ ಬಂದ 4,882 ರೂಪಾಯಿಯನ್ನೇ ಮಾರಾಟವೆಂದು ಬರೆಯುವವರು ಬಹಳ ಮಂದಿ. ಮಾರಾಟ 5,000 ಎಂದೂ ಕಡಿತವನ್ನು ಖರ್ಚೆಂದೂ ಬರೆಯಬೇಕು. ಜಿ.ಎಸ್.ಟಿ.ಯ ಕಾಂಪೊಸಿಷನ್ ಪದ್ಧತಿಯಲ್ಲಿರುವವರು (ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿ) ಪೂರ್ತಿ ಮಾರಾಟದ ಮೇಲೆ ತೆರಿಗೆ ಕಟ್ಟುತ್ತಾರೆ, ಶುಲ್ಕದ ಮೇಲಿನ 18 ರೂಪಾಯಿಯನ್ನೂ ಹಿಂಪಡೆಯಲಾರರು.

ಕಾರ್ಡಾದರೆ ಶೇ. 2 ಹೆಚ್ಚು ಕೊಡಿ ಎಂದು ಗಿರಾಕಿಯಲ್ಲಿ ಕೇಳುವುದು ಪರಿಹಾರವಾಗದು. ಡೆಬಿಟ್ ಕಾರ್ಡಿನ ಶುಲ್ಕವನ್ನು ಗಿರಾಕಿಯ ಮೇಲೆ ಹೊರಿಸದಂತೆ ನೋಡಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿದೆ. ಈ ದಂಪತಿ ಹಿಂದಿನ ವರ್ಷದ ವಹಿವಾಟಿನ ದಾಖಲೆ ಲಗತ್ತಿಸಿ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡರು. ಮುಂದಿನ ತಿಂಗಳಿಂದ ದರ ಶೇ. 0.40ಕ್ಕೆ ಇಳಿಯಿತು. ಹಿಂದೆ ಹೆಚ್ಚುವರಿಯಾಗಿ ಮುರಿದುಕೊಂಡ ಹಣಕ್ಕೆ 30 ದಿನ ಕಳೆದರೂ ಉತ್ತರ ಬಾರದ್ದರಿಂದ, ಅದೇ ಮೊಹರಿನ ಪ್ರತಿಯೊಂದಿಗೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯುತ್ತಿದ್ದೇವೆ.