ಬೇರಿಯಾಟ್ರಿಕ್: ಕೊಬ್ಬು ತೆಗೆಯದ ಆಪರೇಶನ್

ಚಿಕ್ಕಮ್ಮನಿಗೆ ಬೈಪಾಸ್ ಆಯಿತು ಅಂತ ಕಾಸರಗೋಡಿನ ನಮ್ಮ ಪೆರ್ಲದಲ್ಲಿ ಸುದ್ದಿ ಹರಡಿದ್ದೇ ತಡ, ಸಿಕ್ಕಿದವರೆಲ್ಲ ಕೇಳಿದ್ದು ಒಂದೇ ಮಾತು: "ಎಷ್ಟು ಬ್ಲಾಕ್ ಇತ್ತು?" ಹೃದಯಕ್ಕೆ ಏನೂ ಆಗಿಲ್ಲ, ಆಪರೇಶನ್ ಆದದ್ದು ಹೊಟ್ಟೆಗೆ ಅಂದರೆ, "ಓ, ಕೊಬ್ಬು ತೆಗೆದದ್ದಾ?" ಅದೂ ಅಲ್ಲ. ಮಂಗಳೂರಿನಿಂದ ಬಂದ ಡಿಸ್ಚಾರ್ಜ್ ಕಾಗದದಲ್ಲಿ ಇದ್ದ ಪದ ಬೇರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸಲು ಮಾಡುವ ಆಪರೇಶನ್. ಮನೆಗೆ ಬಂದವರಿಗೆಲ್ಲ ಅದನ್ನು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು.

ಪದ ಗ್ರೀಕಿನದು. 'ಬರೋಸ್' ಅಂದರೆ ಭಾರ. ಶಾಲೆಯಲ್ಲಿ ಗಾಳಿಯ ಒತ್ತಡ ಅಳೆಯಲು ಹೇಳಿಕೊಟ್ಟ ಬ್ಯಾರೋಮೀಟರ್‌ನಲ್ಲಿ ಇರುವುದೂ ಅದೇ ಭಾರ. ಬಾಲದಲ್ಲಿರುವ 'ಇಯಾಟ್ರಿಕ್' ಅಂದರೆ ಚಿಕಿತ್ಸೆಗೆ ಸೇರಿದ್ದು. ಮಕ್ಕಳ ವಿಭಾಗದ ಬೋರ್ಡಿನ ಮೇಲೆ ಪೀಡಿಯಾಟ್ರಿಕ್ ಅಂತ ಬರೆದಿರುತ್ತದಲ್ಲ, ಅದೇ ಬಾಲ. ಒಟ್ಟಿನಲ್ಲಿ ಭಾರದ ಚಿಕಿತ್ಸೆ.

ಗೊಂದಲಕ್ಕೆ ಅರ್ಧ ಕಾರಣ ನಮ್ಮ 'ಹೊಟ್ಟೆ' ಅನ್ನುವ ಪದ. ಹೊಟ್ಟೆ ಬಂದಿದೆ ಅಂದರೆ ಹೊರಗೆ ಕಾಣುವ ಹೊಟ್ಟೆ. ಹೊಟ್ಟೆ ತುಂಬಿತು ಅಂದರೆ ಒಳಗಿನ ಚೀಲ. ಎರಡಕ್ಕೂ ಒಂದೇ ಪದ. ಹಾಗಾಗಿ ಹೊಟ್ಟೆ ಆಪರೇಶನ್ ಅಂದ ಕೂಡಲೇ ಹೊರಗಿನ ಹೊಟ್ಟೆಯನ್ನು ಕೊಯ್ದು ಕೊಬ್ಬು ತೆಗೆದರು ಅಂತ ಜನ ಅಂದುಕೊಳ್ಳುತ್ತಾರೆ. ಕೊಬ್ಬನ್ನು ಹೀರಿ ತೆಗೆಯುವುದು ಬೇರೆ, ಅದು ಲೈಪೋಸಕ್ಷನ್. ಇಲ್ಲಿ ಕತ್ತರಿ ಬೀಳುವುದು ಜಠರಕ್ಕೆ, ಅಂದರೆ ಆ ಒಳಗಿನ ಚೀಲಕ್ಕೆ. ಕೊಬ್ಬು ಇದ್ದಲ್ಲೇ ಇರುತ್ತದೆ, ಆಮೇಲೆ ತಿಂಗಳುಗಟ್ಟಲೆ ಕರಗುತ್ತದೆ. ಇಲ್ಲಿ ಸಂಸ್ಕೃತದ 'ಜಠರ'ವೇ ವಾಸಿ, ಅನುಮಾನ ಇರುವುದಿಲ್ಲ.

ಹೆಚ್ಚು ನಡೆಯುವುದು ಎರಡು ಬಗೆ. ಒಂದು ಸ್ಲೀವ್. ಸ್ಲೀವ್ ಅಂದರೆ ಅಂಗಿಯ ತೋಳು. ಜಠರದ ಸುಮಾರು ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಕಾಯಿಯಷ್ಟು ಸಣ್ಣ ಕೊಳವೆ ಉಳಿಸುತ್ತಾರೆ. ತೆಗೆದ ಭಾಗದಲ್ಲೇ ಗ್ರೆಲಿನ್ ಅನ್ನುವ ಹಸಿವಿನ ಹಾರ್ಮೋನು ಜಾಸ್ತಿ ತಯಾರಾಗುವುದು. ಅದಕ್ಕೇ ಸುಮಾರು ಜನಕ್ಕೆ ಹಸಿವೆಯೇ ಕಡಿಮೆಯಾಗುತ್ತದೆ. ಇನ್ನೊಂದು ಬೈಪಾಸ್. ಇದರಲ್ಲಿ ಜಠರದ ಮೇಲ್ತುದಿಯಲ್ಲಿ 30 ಮಿಲಿ ಹಿಡಿಯುವಷ್ಟು ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ತಂದು ಅದಕ್ಕೆ ನೇರ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ರಸವನ್ನೂ ಬಿಡುತ್ತದೆ, ಆದರೆ ಊಟ ಆ ದಾರಿಯಲ್ಲಿ ಹೋಗುವುದಿಲ್ಲ. ಪೇಟೆಯ ಒಳಗೆ ನುಗ್ಗದೆ ಹೆದ್ದಾರಿ ಹೊರಗಿಂದ ಸುತ್ತಿ ಹೋಗುತ್ತದಲ್ಲ, ಹಾಗೆ. ಈ ಬಗೆಯ ಆಪರೇಶನ್ 1960ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಅನ್ನುವ ಸರ್ಜನ್ ಕೈಯಲ್ಲಿ ಶುರುವಾದದ್ದು. ಚಿಕ್ಕಮ್ಮನಿಗೆ ಶುಗರ್ ಇತ್ತು, ಎದೆಯುರಿ, ಹುಳಿತೇಗೂ ಇತ್ತು. ಸ್ಲೀವ್ ಮಾಡಿದರೆ ಎದೆಯುರಿ ಜೋರಾಗಬಹುದು ಅಂತ ಡಾಕ್ಟರು ಬೈಪಾಸ್ ಆರಿಸಿದರು.

ಯಾರಿಗೆ ಮಾಡುತ್ತಾರೆ ಅನ್ನುವುದಕ್ಕೆ ಬಿಎಂಐ ಅಂತ ಒಂದು ಲೆಕ್ಕ. ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿದರೆ ಆಯಿತು. ಚಿಕ್ಕಮ್ಮ 92 ಕಿಲೋ, ಎತ್ತರ 1.54 ಮೀಟರ್. ಬಂದದ್ದು 38.8. ಅಮೆರಿಕದ ಮತ್ತು ಅಂತಾರಾಷ್ಟ್ರೀಯ ಬೇರಿಯಾಟ್ರಿಕ್ ಸರ್ಜನರ ಸಂಘಗಳು 2022ರಲ್ಲಿ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಮಾಡಬಹುದು ಅಂದವು. ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅಂತಲೂ ಹೇಳಿವೆ. ಆದರೆ ಇನ್ಶೂರೆನ್ಸ್ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯವಾಗಿ 40 ಇರಬೇಕು, ಇಲ್ಲವೇ 35ರ ಜೊತೆ ಶುಗರಿನಂಥ ಗಟ್ಟಿ ಕಾಯಿಲೆ ಇರಬೇಕು. ದಿನ ಗೊತ್ತು ಮಾಡುವ ಮೊದಲೇ ಪಾಲಿಸಿ ಓದಿಕೊಳ್ಳಿ.

ಇನ್ನು ತಯಾರಿ. ರಕ್ತ ಪರೀಕ್ಷೆ, ಎಂಡೋಸ್ಕೋಪಿ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೋ ಅಂತ ನೋಡುವುದು, ಮನಸ್ಸಿನ ಡಾಕ್ಟರ ಹತ್ತಿರ ಒಂದು ಮಾತುಕತೆ. ಬೀಡಿ, ಸಿಗರೇಟು, ಹೊಗೆಸೊಪ್ಪಿನ ಎಲೆಅಡಿಕೆ ಎಲ್ಲ ಬಂದ್. (ಅಡಿಕೆ ತೋಟದವರ ಮನೆಯಲ್ಲಿ ಈ ಕೊನೆಯದನ್ನು ಬಿಡಿಸುವುದೇ ದೊಡ್ಡ ಆಪರೇಶನ್.) ನನಗೆ ಹೊಸದು ಅನಿಸಿದ್ದು ಎರಡು ವಾರದ ಪಥ್ಯ. ಅನ್ನ, ದೋಸೆ, ಸಿಹಿ ಬಹುತೇಕ ಇಲ್ಲವೇ ಇಲ್ಲ. ತೂಕ ಮೊದಲೇ ಇಳಿಯಲಿ ಅಂತ ಅಲ್ಲ, ಯಕೃತ್ತು ಸಣ್ಣದಾಗಲಿ ಅಂತ. ದಪ್ಪ ಇರುವವರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ಊದಿಕೊಂಡಿರುತ್ತದೆ. ಅದರ ಎಡಭಾಗ ಜಠರದ ಮೇಲೇ ಮಲಗಿರುವುದರಿಂದ ಸಣ್ಣ ತೂತುಗಳಿಂದ ಕೆಲಸ ಮಾಡುವ ಸರ್ಜನ್‌ಗೆ ಅಡ್ಡ ಬರುತ್ತದೆ. ಹಿಟ್ಟು, ಸಕ್ಕರೆ ಬಿಟ್ಟರೆ ಎರಡೇ ವಾರದಲ್ಲಿ ಕುಗ್ಗುತ್ತದೆ. ಚಿಕ್ಕಮ್ಮನ ಆ ಎರಡು ವಾರ ಬಿದ್ದದ್ದು ಸರಿಯಾಗಿ ಹಲಸಿನ ಹಣ್ಣಿನ ಕಾಲಕ್ಕೆ. ಪಾಪ.

ಆಪರೇಶನ್ ಆದ ದಿನ ಸಂಜೆಯೇ ಎಬ್ಬಿಸಿ ನಡೆಸಿದರು. ಮಲಗಿದ್ದರೆ ಕಾಲಿನ ರಕ್ತ ಹೆಪ್ಪುಗಟ್ಟುವ ಭಯ. ಹೆಗಲು ನೋವು ಅಂದರು ಚಿಕ್ಕಮ್ಮ. ಹೊಟ್ಟೆಗೆ ಕೊಯ್ದರೆ ಹೆಗಲಿಗೇಕೆ ನೋವು? ಕೆಲಸಕ್ಕೆ ಜಾಗ ಆಗಲಿ ಅಂತ ಹೊಟ್ಟೆಗೆ ಗ್ಯಾಸ್ ತುಂಬುತ್ತಾರೆ, ಅದರ ಕಿರಿಕಿರಿ ಹೆಗಲಲ್ಲಿ ಗೊತ್ತಾಗುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಆದರೆ ಮನೆಗೆ ಬಂದ ಮೇಲೆ ಜ್ವರ, ನಾಡಿ ಜೋರು, ಹೊಟ್ಟೆನೋವು ಏರುತ್ತಾ ಹೋಗುವುದು ಕಂಡರೆ ಕಾಯಬಾರದು. ಹೊಲಿಗೆಯ ಜಾಗ ಸೋರುತ್ತಿರಬಹುದು. ಪೆರ್ಲ, ಬದಿಯಡ್ಕದ ಕಡೆಯವರಿಗೆ ಮಂಗಳೂರು ಅಂದರೆ ಕೇರಳದ ಗಡಿ ದಾಟುವ ದಾರಿ. 2020ರಲ್ಲಿ ಕೊರೋನಾ ಅಂತ ತಲಪಾಡಿ ಗಡಿ ಮುಚ್ಚಿದಾಗ ಪಟ್ಟ ಪಾಡು ಇಲ್ಲಿ ಯಾರೂ ಮರೆತಿಲ್ಲ. ಹತ್ತಿರದಲ್ಲಿ ಯಾವ ಆಸ್ಪತ್ರೆ, ರಾತ್ರಿ ಯಾವ ಗಾಡಿ ಅಂತ ಮೊದಲೇ ಯೋಚಿಸಿಟ್ಟಿದ್ದೆವು.

ಊಟದ್ದೇ ದೊಡ್ಡ ಕತೆ. ಮೊದಲು ನೀರಿನಂಥದ್ದು, ಆಮೇಲೆ ಹಾಲು, ಮಜ್ಜಿಗೆ, ನಂತರ ಅರೆದದ್ದು, ಮತ್ತೆ ಮೆತ್ತಗಿನದ್ದು. ಮಾಮೂಲಿ ಊಟಕ್ಕೆ ಬರಲು ಒಂದೂವರೆ ಎರಡು ತಿಂಗಳು. ಅಜ್ಜಿಗೆ ಭಾರೀ ಖುಷಿ: "ಗಂಜಿ ತೆಳಿ ಕೊಟ್ಟರೆ ಆಯ್ತಲ್ಲ, ಕಾಯಿಲೆಗೆಲ್ಲ ಅದೇ ಮದ್ದು." ಮೊದಲ ದಿನಗಳಿಗೆ ಸರಿ. ಆದರೆ ಕುಚ್ಚಲಕ್ಕಿ ತೆಳಿಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಅಂದರೆ ಹತ್ತು ಮೊಟ್ಟೆ! 30 ಮಿಲಿ ಚೀಲಕ್ಕೆ ಅದನ್ನೆಲ್ಲ ತುಂಬುವುದು ಹೇಗೆ? ಅದಕ್ಕೇ ಪ್ರೋಟೀನ್ ಪುಡಿ. ಅರೆದ ಊಟ ಶುರುವಾದ ಮೇಲೆ ಹೆಸರುಬೇಳೆ, ಮೊಸರು, ಮೊಟ್ಟೆ. ಮೀನು ತಿನ್ನುವವರಿಗೆ ಮುಳ್ಳು ತೆಗೆದ ಬೇಯಿಸಿದ ಮೀನು. ತಟ್ಟೆಯಲ್ಲಿ ಇವಕ್ಕೆ ಮೊದಲ ಪಾಳಿ, ಅನ್ನಕ್ಕೆ ಕೊನೆಯದು. ನಮ್ಮ ಅಭ್ಯಾಸ ಪೂರ್ತಿ ಉಲ್ಟಾ, ಅಲ್ವಾ?

ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಬೇಕು. ಆರು ತಿಂಗಳ ಹೊತ್ತಿಗೆ ಚಿಕ್ಕಮ್ಮ ಒಂದು ಮದುವೆಯಲ್ಲಿ ಒತ್ತಾಯಕ್ಕೆ ಅರ್ಧ ಲೋಟ ಪಾಯಸ ಕುಡಿದು, ಹತ್ತೇ ನಿಮಿಷಕ್ಕೆ ಬೆವರಿ, ಎದೆ ಡವಗುಟ್ಟಿ, ಚಪ್ಪರದ ಕಂಬಕ್ಕೆ ಒರಗಿ ಕೂತರು. ಪುನಃ ಎಲ್ಲರೂ "ಹಾರ್ಟು, ಹಾರ್ಟು" ಅಂದರು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸಿಹಿ ಜಠರದಲ್ಲಿ ನಿಲ್ಲದೆ ಒಮ್ಮೆಗೇ ಕರುಳಿಗೆ ಸುರಿಯುವುದು. ಲಾರಿಯಿಂದ ಜಲ್ಲಿ ಸುರಿದ ಹಾಗೆ.

ಮೂರನೇ ತಿಂಗಳಲ್ಲಿ ಕೂದಲು ಉದುರಲು ಶುರುವಾಗಿತ್ತು. ತೂಕ ಬೇಗ ಇಳಿದರೆ ಹೀಗಾಗುತ್ತದೆ, ಪ್ರೋಟೀನ್, ಕಬ್ಬಿಣ ಸರಿ ಇದ್ದರೆ ಮತ್ತೆ ಬರುತ್ತದೆ. ಬಂತು ಕೂಡ. ಶುಗರ್ ಮಾತ್ರೆ ಮೊದಲ ವಾರದಲ್ಲೇ ಕಡಿಮೆ ಮಾಡಿದ್ದರು. ತೂಕ ಇಳಿಯುವ ಮೊದಲೇ ಶುಗರ್ ಇಳಿಯುತ್ತದೆ, ಹಳೆಯ ಡೋಸ್ ಮುಂದುವರಿಸಿದರೆ ಅಪಾಯ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರ ಜೀವನಪೂರ್ತಿ. ವರ್ಷ ಕಳೆದ ಮೇಲೆ "ಗುಣ ಆಯ್ತಲ್ಲ" ಅಂತ ಸುಮ್ನೆ ಬಿಡುವವರು ಬಹಳ. ಬಿ12 ಕೊರತೆ ನಿಧಾನಕ್ಕೆ ಕಾಲು ಜುಮ್ಮೆನ್ನಿಸಿ ನರಗಳನ್ನೇ ಕೆಡಿಸುತ್ತದೆ.

ಇನ್ನೊಂದು ವಿಷಯ, ಬೈಪಾಸ್ ಆದವರು ಗಂಟುನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ಮಾತ್ರೆ ತಾವಾಗಿ ನುಂಗಬಾರದು. ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಬರೀ "ಬೈಪಾಸ್ ಆಗಿದೆ" ಅಂದರೆ ಅವರೂ ಹೃದಯ ಅಂದುಕೊಂಡಾರು. ಚಿಕ್ಕಮ್ಮ ಈಗ ಪೂರ್ತಿ ಹೇಳುತ್ತಾರೆ: "ಹಾರ್ಟಿನದ್ದಲ್ಲ ಮಾರಾಯ, ಜಠರದ ಬೈಪಾಸ್."