ದುಡಿದರೆ ಚೆನ್ನಾಗಿ ದುಡಿಯಲಿ, ಇಲ್ಲವಾದರೆ ಮಲಗಲಿ: ಹೈಬ್ರಿಡ್ ಕಾರಿನ ಮೈಲೇಜ್ ಲೆಕ್ಕ

ಒಂದೇ ಮಾದರಿಯ ಎರಡು ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ನಿನ ಜೊತೆ ವಿದ್ಯುತ್ ಮೋಟರೂ ಇರುವಂಥದ್ದು), ಒಂದೇ ರಸ್ತೆ. ಆದರೂ ಇಬ್ಬರು ಚಾಲಕರ ಮೈಲೇಜಿನಲ್ಲಿ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಅಂತರ ಕಾಣುವುದು ಅಪರೂಪವಲ್ಲ. ಕಾರಣ ಹುಡುಕುತ್ತ ಹೋದರೆ ಸಾಮಾನ್ಯವಾಗಿ ಸಿಗುವುದು ಒಂದು ತಪ್ಪು ನಂಬಿಕೆ: ಬ್ಯಾಟರಿಯಲ್ಲಿ ಓಡಿದಷ್ಟು ದೂರವೂ ಪುಕ್ಕಟೆ ಎಂಬುದು.

ಗೋಡೆಯ ಪ್ಲಗ್ಗಿಗೆ ಚುಚ್ಚಲಾಗದ ಹೈಬ್ರಿಡ್ ಕಾರಿನಲ್ಲಿ ಪುಕ್ಕಟೆ ವಿದ್ಯುತ್ ಎಂಬುದಿಲ್ಲ. ಬ್ಯಾಟರಿಯಲ್ಲಿರುವುದೆಲ್ಲ ಒಂದು ಕಾಲಕ್ಕೆ ಟ್ಯಾಂಕಿನಲ್ಲಿದ್ದ ಪೆಟ್ರೋಲೇ. ಬ್ರೇಕ್ ಹಾಕಿದಾಗ ಮರಳಿ ಬಂದ ವಿದ್ಯುತ್ ಕೂಡ ಕಾರಿಗೆ ವೇಗ ಕೊಡಲು ಮೊದಲು ಸುಟ್ಟ ಪೆಟ್ರೋಲಿನ ಚಿಲ್ಲರೆ. ಬ್ಯಾಟರಿ ಉಳಿತಾಯ ಖಾತೆಯಲ್ಲ, ಕೈಗಡ, ಬಡ್ಡಿಯೂ ಕಡಿಮೆಯೇನಲ್ಲ. ಎಂಜಿನ್ನಿನಿಂದ ಜನರೇಟರ್, ಅಲ್ಲಿಂದ ವಿದ್ಯುತ್ತಿನ ರೂಪ ಬದಲಿಸುವ ಇನ್ವರ್ಟರ್, ಬ್ಯಾಟರಿ, ಮತ್ತೆ ಇನ್ವರ್ಟರ್, ಕೊನೆಗೆ ಮೋಟರ್: ದಾರಿಯ ಒಂದೊಂದು ಮೆಟ್ಟಿಲಲ್ಲೂ ಒಂದಿಷ್ಟು ಶಕ್ತಿ ಬಿಸಿಯಾಗಿ ಸೋರಿ, ಚಕ್ರ ತಲುಪುವ ಹೊತ್ತಿಗೆ ಕಾಲುಭಾಗದಿಂದ ಮೂರನೇ ಒಂದು ಭಾಗ ಹೋಗಿರುತ್ತದೆ.

ಬ್ಯಾಟರಿಯ ಗಾತ್ರವನ್ನೂ ಗಮನಿಸಿ. ಎರಡನೆಯ ಮತ್ತು ಮೂರನೆಯ ತಲೆಮಾರಿನ ಟೊಯೋಟಾ ಪ್ರಿಯಸ್‌ನ ನಿಕಲ್ ಬ್ಯಾಟರಿಯ ಸಾಮರ್ಥ್ಯ ಸುಮಾರು 1.3 ಯೂನಿಟ್ (ಕಿಲೋವ್ಯಾಟ್-ಗಂಟೆ). ಆಯುಷ್ಯ ಕಾಪಾಡಲು ಕಾರಿನ ಕಂಪ್ಯೂಟರ್ ಅದನ್ನು ಶೇ 40ಕ್ಕಿಂತ ಕೆಳಗಿಳಿಸದೆ, ಶೇ 80ಕ್ಕಿಂತ ಮೇಲೇರಿಸದೆ ನಡೆಸುತ್ತದೆ. ಅಂದರೆ ಬಳಕೆಗೆ ಸಿಗುವುದು ಅರ್ಧ ಯೂನಿಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಾಖಶಕ್ತಿ ಇದೆ, ಒಳ್ಳೆಯ ಎಂಜಿನ್ ಅದರಲ್ಲಿ ಮೂರು ಯೂನಿಟ್ಟಿಗಿಂತ ಹೆಚ್ಚನ್ನು ಕೆಲಸವಾಗಿ ಬದಲಿಸುತ್ತದೆ. ಹಾಗಾಗಿ ಪರದೆಯ ಮೇಲೆ ಅಷ್ಟು ದೊಡ್ಡದಾಗಿ ಕಾಣುವ ಬ್ಯಾಟರಿಯ ಚಿತ್ರ ಒಂದು ಲೋಟ ಪೆಟ್ರೋಲಿನ ದುಡಿಮೆಗೆ ಸಮ, ಅಷ್ಟೇ.

ಇಷ್ಟಾದ ಮೇಲೂ ಹೈಬ್ರಿಡ್ ಉಳಿತಾಯ ಮಾಡುತ್ತದೆ. ಆ ಉಳಿತಾಯ ಹುಟ್ಟುವುದು ಎಂಜಿನ್ನಿನ ಸ್ವಭಾವದಿಂದ. ಪೆಟ್ರೋಲ್ ಎಂಜಿನ್ ಹಗುರ ಕೆಲಸಕ್ಕೆ ಸೋಮಾರಿ. ತೆವಳುವ ಸಂಚಾರದಲ್ಲಿ ಗಾಳಿಯ ಕವಾಟ ಬಹುಪಾಲು ಮುಚ್ಚಿರುತ್ತದೆ. ಆ ಕಿರಿದಾದ ಸಂದಿನಿಂದ ಗಾಳಿ ಎಳೆದುಕೊಳ್ಳುವುದಕ್ಕೆ, ತನ್ನದೇ ಘರ್ಷಣೆಯನ್ನು ಮೀರುವುದಕ್ಕೆ ಎಂಜಿನ್ನಿನ ಶಕ್ತಿ ಸವೆಯುತ್ತದೆ. ಆಗ ಇಂಧನದ ಶೇ 20ರಷ್ಟೂ ಕೆಲಸವಾಗುವುದಿಲ್ಲ. ಅದೇ ಎಂಜಿನ್ ಮಧ್ಯಮ ವೇಗದಲ್ಲಿ, ಸಾಕಷ್ಟು ಹೊರೆ ಹೊತ್ತು ತಿರುಗುವಾಗ ಶೇ 35ರಿಂದ 40 ಮುಟ್ಟುತ್ತದೆ. ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಬಳಸುವುದು 1880ರ ದಶಕದಲ್ಲಿ ಬ್ರಿಟನ್ನಿನ ಜೇಮ್ಸ್ ಅಟ್ಕಿನ್ಸನ್ ರೂಪಿಸಿದ ತತ್ವವನ್ನು: ಸಿಲಿಂಡರಿನಲ್ಲಿ ಅನಿಲ ಕುಗ್ಗುವುದಕ್ಕಿಂತ ಹಿಗ್ಗುವುದು ಹೆಚ್ಚು. ಇಂಥ ಎಂಜಿನ್ ದಕ್ಷ ನಿಜ, ಆದರೆ ಅದರ ಎಳೆತ ಕಡಿಮೆ. ಆ ಕೊರತೆಯನ್ನು ಮೋಟರ್ ತುಂಬುತ್ತದೆ.

ಹಾಗಾಗಿ ಚಾಲಕನ ಕೆಲಸ ಎರಡೇ. ಎಂಜಿನ್ ಓಡುವುದಾದರೆ ಹೊರೆ ಹೊತ್ತು ಓಡಬೇಕು, ಇಲ್ಲದಿದ್ದರೆ ಪೂರ್ತಿ ನಿಲ್ಲಬೇಕು. ಜೊತೆಗೆ, ಬ್ಯಾಟರಿಯ ದಾರಿಯಲ್ಲಿ ಆದಷ್ಟು ಕಡಿಮೆ ಶಕ್ತಿ ಹರಿಯಬೇಕು. (ಇಲ್ಲಿ ಹೇಳುತ್ತಿರುವುದು ಎಂಜಿನ್ ನಿಲ್ಲಿಸಿ ಮೋಟರಿನಲ್ಲೇ ಓಡಬಲ್ಲ ಪೂರ್ಣ ಹೈಬ್ರಿಡ್ ಬಗ್ಗೆ. 12 ಅಥವಾ 48 ವೋಲ್ಟಿನ ‘ಮೈಲ್ಡ್’ ಹೈಬ್ರಿಡ್‌ನಲ್ಲಿ ಮೋಟರ್ ಬರಿಯ ಸಹಾಯಕ. ಬ್ರೇಕ್, ಟೈರ್, ವೇಗದ ಮಾತುಗಳಷ್ಟೇ ಅದಕ್ಕೆ ಅನ್ವಯ.)

ಪೆಡಲಿನ ಕೆಳಗೆ ಮೊಟ್ಟೆ ಇಟ್ಟಂತೆ ಒತ್ತಬೇಕು ಎಂಬ ಹಳೆಯ ಬುದ್ಧಿವಾದ ಇಲ್ಲಿ ಕೈಕೊಡುತ್ತದೆ. ತೀರಾ ಮೆಲ್ಲಗೆ ವೇಗ ಏರಿಸಿದರೆ ಕಾರು ಬ್ಯಾಟರಿಯಲ್ಲೇ ತೆವಳಿ ಅದನ್ನು ಬರಿದು ಮಾಡುತ್ತದೆ; ಆಮೇಲೆ ಎಂಜಿನ್ ಎದ್ದು ಆ ಸಾಲ ತೀರಿಸುತ್ತ ಬಹಳ ಹೊತ್ತು ಓಡಬೇಕಾಗುತ್ತದೆ. ಹಲವು ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಚಾರ್ಜ್, ಇಕೋ, ಪವರ್ ಎಂದು ಮೂರು ವಲಯಗಳ ಮುಳ್ಳೋ ಪಟ್ಟಿಯೋ ಇರುತ್ತದೆ. ಇಕೋ ವಲಯದ ಕೆಳ ಅರ್ಧದಲ್ಲಿ ಸಾಮಾನ್ಯವಾಗಿ ಮೋಟರ್ ಒಂದೇ ಎಳೆಯುತ್ತದೆ, ಮೇಲಿನ ಅರ್ಧದಲ್ಲಿ ಎಂಜಿನ್ ಸೇರಿಕೊಳ್ಳುತ್ತದೆ. ನಿಂತಲ್ಲಿಂದ ಹೊರಡುವಾಗ ಮೊದಲ ಹತ್ತು ಹದಿನೈದು ಮೀಟರ್ ಮೋಟರಿಗೆ ಬಿಟ್ಟು, ಬಳಿಕ ಧೈರ್ಯವಾಗಿ ಒತ್ತಿ ಮುಳ್ಳನ್ನು ಇಕೋ ವಲಯದ ಮೇಲ್ಭಾಗಕ್ಕೆ ತನ್ನಿ. ಪವರ್ ವಲಯ ಮಾತ್ರ ಮುಟ್ಟಬೇಡಿ. ಬೇಕಾದ ವೇಗ ಬಂದೊಡನೆ ಕಾಲನ್ನು ಪೂರ್ತಿ ತೆಗೆಯಿರಿ. ಎಂಜಿನ್ ನಿಂತದ್ದು ಖಚಿತವಾದ ಮೇಲೆ ಮತ್ತೆ ಹಗುರವಾಗಿ ಒತ್ತಿ. ಕಾಲು ತೆಗೆಯದೆ ಒತ್ತಡವನ್ನು ನಿಧಾನವಾಗಿ ಇಳಿಸುತ್ತ ಬಂದರೆ ಎಂಜಿನ್ ಹಲವೊಮ್ಮೆ ನಿಲ್ಲದೆ, ಅದಕ್ಕೆ ಒಗ್ಗದ ಹಗುರ ಹೊರೆಯಲ್ಲೇ ಗೊಣಗುತ್ತಿರುತ್ತದೆ.

ಇಲ್ಲಿಂದ ಮುಂದಿನ ಹೆಜ್ಜೆಯನ್ನು ಇಂಗ್ಲಿಷಿನಲ್ಲಿ ‘ಪಲ್ಸ್ ಅಂಡ್ ಗ್ಲೈಡ್’ ಎನ್ನುತ್ತಾರೆ. ಜೀಕುವವರಿಗೆ ಇದು ಹೊಸದಲ್ಲ: ಒಮ್ಮೆ ಜೋರಾಗಿ ಜೀಕಿ, ಉಳಿದ ಹೊತ್ತು ಉಯ್ಯಾಲೆಯನ್ನು ಅದರ ಪಾಡಿಗೆ ಬಿಡುವುದು. ಕಾರನ್ನು 60 ಕಿ.ಮೀ. ವೇಗಕ್ಕೆ ಏರಿಸಿ, 45ಕ್ಕೆ ಇಳಿಯುವ ತನಕ ತೇಲಲು ಬಿಟ್ಟು, ಮತ್ತೆ 60ಕ್ಕೆ ಏರಿಸುವುದು. ಏರುವಾಗ ಎಂಜಿನ್ ತನ್ನ ಒಳ್ಳೆಯ ಹೊರೆಯಲ್ಲಿ, ತೇಲುವಾಗ ಪೂರ್ತಿ ನಿದ್ದೆಯಲ್ಲಿ. ಇದರ ಗುಟ್ಟಿರುವುದು ಹೆಬ್ಬೆರಳಿನ ಸೂಕ್ಷ್ಮದಲ್ಲಿ. ಕಾಲನ್ನು ಪೂರ್ತಿ ತೆಗೆದರೆ ಮೋಟರ್ ಜನರೇಟರ್ ಆಗಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ, ಬ್ಯಾಟರಿ ತುಂಬುತ್ತದೆ, ಬಡ್ಡಿ ಶುರುವಾಯಿತು. ಪರದೆಯ ಮೇಲಿನ ಶಕ್ತಿಯ ಬಾಣಗಳು ಎರಡೂ ದಿಕ್ಕಿನಲ್ಲಿ ಮಾಯವಾಗುವಷ್ಟು ಮಾತ್ರ ಪೆಡಲ್ ಒತ್ತಿ ಹಿಡಿದರೆ ಕಾರು ನಿಜಕ್ಕೂ ತೇಲುತ್ತದೆ. ಚಲನೆಯನ್ನು ಚಲನೆಯಾಗಿಯೇ ಉಳಿಸಿಕೊಳ್ಳುವುದಕ್ಕಿಂತ ಅಗ್ಗದ ದಾಸ್ತಾನು ಇನ್ನೊಂದಿಲ್ಲ. ಆ ಬಿಂದು ಬಹಳ ಕಿರಿದು. ಕಾಲಿಗೆ ಅದು ಗೊತ್ತಾಗಲು ಕೆಲವು ದಿನ ಹಿಡಿಯುತ್ತದೆ. ರೂಢಿಯಾಗುವ ತನಕ ಕಣ್ಣು ಪರದೆಗಿಂತ ರಸ್ತೆಯ ಮೇಲಿರುವುದು ಲೇಸು.

ಎಷ್ಟು ವೇಗದವರೆಗೆ ಎಂಜಿನ್ ನಿಲ್ಲುತ್ತದೆ ಎಂಬುದು ಯಂತ್ರದ ರಚನೆಗೆ ಸೇರಿದ್ದು. ಎರಡನೆಯ ತಲೆಮಾರಿನ ಪ್ರಿಯಸ್‌ನಲ್ಲಿ ಗಡಿ ಸುಮಾರು 65 ಕಿ.ಮೀ. ಇತ್ತು: ಎಂಜಿನ್ ನಿಂತಾಗ, ಅದರೊಂದಿಗೆ ‘ಪ್ಲಾನೆಟರಿ’ ಗೇರಿನಲ್ಲಿ (ಸೂರ್ಯನ ಸುತ್ತ ಗ್ರಹಗಳಂತೆ ತಿರುಗುವ ಹಲ್ಲುಚಕ್ರಗಳಲ್ಲಿ) ಕಟ್ಟಿಹಾಕಿದ ಸಣ್ಣ ಜನರೇಟರ್ ಮಿತಿಮೀರಿ ತಿರುಗಬೇಕಾಗುತ್ತಿತ್ತು. ಹೊಸ ಕಾರುಗಳಲ್ಲಿ ಈ ಗಡಿ ಬಹಳ ಮೇಲಿದೆ. ಇನ್ನು, ಹಿಂದೆ ವಾಹನಗಳ ಸಾಲಿದ್ದರೆ ಈ ಆಟ ಬೇಡ. ಏರಿಳಿಯುವ ವೇಗ ಹಿಂದಿನವರನ್ನು ರೇಗಿಸುತ್ತದೆ, ಅಪಾಯವೂ ಹೌದು.

ತೇಲುವ ಆಸೆಗೆ ಕೆಲವರು ಗೇರನ್ನು ನ್ಯೂಟ್ರಲ್‌ಗೆ ಹಾಕುತ್ತಾರೆ. ಮಾಡಬಾರದ ಕೆಲಸ. ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಬ್ರೇಕ್ ಒತ್ತಿದರೂ ಶಕ್ತಿ ಮರಳುವುದಿಲ್ಲ. ಸಿಗ್ನಲ್ಲಿನಲ್ಲೂ ಅಷ್ಟೇ, ಡಿ (ಡ್ರೈವ್) ಸ್ಥಾನದಲ್ಲೇ ಬ್ರೇಕ್ ಒತ್ತಿ ನಿಂತರೆ ಸಾಕು. ಕಾರನ್ನು ಬ್ಯಾಟರಿಯಲ್ಲಷ್ಟೇ ಓಡಿಸುವ ಇವಿ ಬಟನ್ ಕೂಡ ಇದೇ ಜಾತಿಯ ಆಮಿಷ. ಕಾರು ನಿಲ್ಲಿಸುವ ಜಾಗದಲ್ಲಿ ಹತ್ತಿಪ್ಪತ್ತು ಮೀಟರ್ ಸರಿಸುವುದಕ್ಕೆ ಅದು ಉಪಯುಕ್ತ, ಏಕೆಂದರೆ ತಣ್ಣನೆಯ ಎಂಜಿನ್ನನ್ನು ಎಬ್ಬಿಸುವುದು ತಪ್ಪುತ್ತದೆ. ರಸ್ತೆಯಲ್ಲಿ ಒತ್ತಿದರೆ ಸಾಲ ಹೆಚ್ಚುತ್ತದೆ, ಅಷ್ಟೇ.

ಬ್ರೇಕಿನ ಲೆಕ್ಕ ಅಂಕಿಗಳಲ್ಲಿ ಚೆನ್ನಾಗಿ ಕಾಣುತ್ತದೆ. 1,400 ಕಿಲೋ ತೂಕದ ಕಾರು 60 ಕಿ.ಮೀ. ವೇಗದಲ್ಲಿರುವಾಗ ಅದರಲ್ಲಿ ಸುಮಾರು 195 ಕಿಲೋಜೂಲ್ ಚಲನಶಕ್ತಿ ಇರುತ್ತದೆ. ಅದನ್ನು ನಾಲ್ಕು ಸೆಕೆಂಡಿನಲ್ಲಿ ನಿಲ್ಲಿಸಿದರೆ ಶಕ್ತಿ ಸರಾಸರಿ 49 ಕಿಲೋವ್ಯಾಟ್ ದರದಲ್ಲಿ ಹೊರಬೀಳುತ್ತದೆ. ಇಂಥ ಪುಟ್ಟ ಬ್ಯಾಟರಿ ನುಂಗಬಲ್ಲದ್ದು ಹೆಚ್ಚೆಂದರೆ 25 ಕಿಲೋವ್ಯಾಟ್ ಆಸುಪಾಸು. ಉಳಿದದ್ದು ಬ್ರೇಕ್ ಪ್ಯಾಡುಗಳಲ್ಲಿ ಬಿಸಿಯಾಗಿ ಹೋಯಿತು. ಅದೇ ಕಾರನ್ನು ಹನ್ನೆರಡು ಸೆಕೆಂಡು ತೆಗೆದುಕೊಂಡು, ಸುಮಾರು 100 ಮೀಟರಿನಲ್ಲಿ ನಿಲ್ಲಿಸಿದರೆ ದರ ಸರಾಸರಿ 16 ಕಿಲೋವ್ಯಾಟಿಗೆ ಇಳಿಯುತ್ತದೆ. ಬಹುಪಾಲು ಬ್ಯಾಟರಿಗೆ ಸೇರುತ್ತದೆ. ಬೇಗ ಶುರು ಮಾಡಿ, ಮೆಲ್ಲಗೆ ಒತ್ತಿ. ಕೊನೆಯ ಹತ್ತು ಕಿ.ಮೀ. ವೇಗದಲ್ಲಿ ಹೇಗೂ ಪ್ಯಾಡುಗಳೇ ಕೆಲಸ ಮಾಡುತ್ತವೆ, ಅಲ್ಲಿ ಉಳಿಸಲು ಏನೂ ಇಲ್ಲ. ಆದರೆ ದೂರದ ಕೆಂಪು ದೀಪ ನೀವು ತಲುಪುವಷ್ಟರಲ್ಲಿ ಹಸಿರಾಗುವಂತಿದ್ದರೆ ಬ್ರೇಕಿಗಿಂತ ತೇಲುವುದೇ ಮೇಲು. ಅತ್ಯುತ್ತಮವಾಗಿ ಮರಳಿ ಪಡೆದ ಶಕ್ತಿಯಲ್ಲೂ ಬಡ್ಡಿ ಕಡಿತವಾಗಿರುತ್ತದೆ.

ಮೈಲೇಜಿಗೆ ಬಹಳ ಪೆಟ್ಟು ಬೀಳುವುದು ಮೊದಲ ಐದು ನಿಮಿಷದಲ್ಲಿ. ಎಂಜಿನ್ ತಣ್ಣಗಿದ್ದಾಗ ಹೊಗೆ ಶುದ್ಧೀಕರಿಸುವ ಕೆಟಲಿಟಿಕ್ ಕನ್ವರ್ಟರ್ ಕೆಲಸ ಮಾಡದು. ಅದನ್ನು ಬೇಗ ಕಾಯಿಸಲು ಕಂಪ್ಯೂಟರ್ ಕಿಡಿಯನ್ನು ಬೇಕೆಂದೇ ತಡವಾಗಿ ಹೊತ್ತಿಸಿ ಬಿಸಿ ಅನಿಲವನ್ನು ಹೊರದಬ್ಬುತ್ತದೆ. ಇದು ನಡೆಯುವ ಮೊದಲ ಒಂದು ನಿಮಿಷದಲ್ಲಿ ಎಂಜಿನ್ ಕಾರನ್ನು ಎಳೆಯುವುದೇ ಅಪರೂಪ. ಹಾಗೆಂದು ನಿಂತಲ್ಲೇ ಕಾಯುವುದು ದಂಡ. ಸ್ಟಾರ್ಟ್ ಮಾಡಿದ ಕೂಡಲೇ ಹೊರಟು, ಮೊದಲ ನಿಮಿಷ ಮೋಟರ್ ಒಂದೇ ಎಳೆಯಬಲ್ಲಷ್ಟು ಹಗುರವಾಗಿ ಓಡಿಸಿ. ಇದೊಂದು ಹೊತ್ತಿನಲ್ಲಿ ಮೊಟ್ಟೆಯ ಬುದ್ಧಿವಾದ ಸರಿ. ಬಳಿಕವೂ ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಸುಮಾರು 70 ಡಿಗ್ರಿ ಮುಟ್ಟುವ ತನಕ ಎಂಜಿನ್ ಸುಲಭವಾಗಿ ನಿಲ್ಲುವುದಿಲ್ಲ. ಎರಡು ಕಿಲೋಮೀಟರಿನ ಓಡಾಟಗಳನ್ನು ನಾಲ್ಕು ಸಲ ಮಾಡುವವರಿಗೆ ಹೈಬ್ರಿಡ್ ತನ್ನ ಗುಣ ತೋರುವ ಮೊದಲೇ ಮನೆ ಬಂದಿರುತ್ತದೆ. ಆ ನಾಲ್ಕು ಕೆಲಸಗಳನ್ನು ಒಂದೇ ಸುತ್ತಿನಲ್ಲಿ, ದೂರದ್ದನ್ನು ಮೊದಲು ಮುಗಿಸಿಕೊಂಡು ಬಂದರೆ ಬಿಸಿ ಎಂಜಿನ್ನಿನ ಲಾಭ ಉಳಿದವುಗಳಿಗೂ ಸಿಗುತ್ತದೆ. ಚಳಿಯಲ್ಲಿ ಹೀಟರ್ ಸಾಮಾನ್ಯವಾಗಿ ಕೂಲೆಂಟಿನ ಬಿಸಿಯನ್ನೇ ಬಳಸುವುದರಿಂದ, ಅದನ್ನು ಜೋರಾಗಿ ಇಟ್ಟರೆ ಸಿಗ್ನಲ್ಲಿನಲ್ಲೂ ಎಂಜಿನ್ ನಿಲ್ಲದು. ಸೀಟನ್ನೇ ಬೆಚ್ಚಗಾಗಿಸುವ ಸೌಲಭ್ಯವಿದ್ದರೆ ಅದು ಬಹಳ ಮಿತವ್ಯಯಿ.

ಬಿಸಿಲಿನ ಕಥೆ ಬೇರೆ. ಏಸಿಯ ಕಂಪ್ರೆಸರ್ ಬ್ಯಾಟರಿಯ ವಿದ್ಯುತ್ತಿನಿಂದ ಓಡುತ್ತದೆ, ಜೋರಾಗಿ ತಂಪು ಮಾಡುವಾಗ ಒಂದರಿಂದ ಎರಡು ಕಿಲೋವ್ಯಾಟ್ ಎಳೆಯುತ್ತದೆ. ಒಂದೂವರೆ ಕಿಲೋವ್ಯಾಟ್ ಎಂದೇ ಹಿಡಿಯಿರಿ: ಅರ್ಧ ಗಂಟೆಯ ಟ್ರಾಫಿಕ್ ಜಾಮಿನಲ್ಲಿ ಮುಕ್ಕಾಲು ಯೂನಿಟ್. ನಮ್ಮ ಬಳಿ ಇದ್ದದ್ದೇ ಅರ್ಧ! ನಿಂತ ಕಾರಿನಲ್ಲಿ ಎಂಜಿನ್ ಪದೇ ಪದೇ ಎದ್ದು ಕೂರುವುದು ಇದಕ್ಕೇ. ಮೊದಲು ಕಿಟಕಿ ಇಳಿಸಿ ಒಳಗಿನ ಕುದಿಗಾಳಿಯನ್ನು ಓಡಿಸಿ, ಬಳಿಕ ಒಳಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿ, 25 ಡಿಗ್ರಿಗೆ ಇಟ್ಟರೆ ಹೊರೆ ಎದ್ದು ಕಾಣುವಷ್ಟು ಇಳಿಯುತ್ತದೆ.

ಹೆದ್ದಾರಿಯಲ್ಲಿ ಜಾಣತನಕ್ಕೆ ಜಾಗ ಕಡಿಮೆ. ಬ್ರೇಕ್ ಇಲ್ಲದಲ್ಲಿ ಮರಳಿ ಪಡೆಯುವ ಮಾತೇ ಇಲ್ಲ; ಉಳಿಯುವುದು ವೇಗವೊಂದೇ. ಗಾಳಿಯ ಎದುರಿಕೆ ವೇಗದ ವರ್ಗಕ್ಕೆ ಅನುಗುಣ, ಹಾಗಾಗಿ 80ರ ಬದಲು 120ರಲ್ಲಿ ಓಡಿದರೆ ಅದು ಎರಡೂಕಾಲು ಪಟ್ಟು. ಟೈರಿನ ಹೊರಳುವ ಪ್ರತಿರೋಧವನ್ನೂ ಸೇರಿಸಿದರೆ, 80ರಿಂದ 100ಕ್ಕೆ ಏರಿದಾಗ ಪ್ರತಿ ಕಿಲೋಮೀಟರಿಗೆ ಚಕ್ರಕ್ಕೆ ಬೇಕಾಗುವ ಶಕ್ತಿ ಶೇ 30ರ ಹತ್ತಿರ ಹೆಚ್ಚುತ್ತದೆ. ಚಾವಣಿಯ ಮೇಲಿನ ಖಾಲಿ ಕ್ಯಾರಿಯರನ್ನು ಬಿಚ್ಚಿಡಿ. ಏರಿಳಿತದ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್ ಬೇಡ: ಏರಿನಲ್ಲಿ ಅದು ಹಟಕ್ಕೆ ಬಿದ್ದಂತೆ ವೇಗ ಹಿಡಿದಿಡುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಹಾಕುತ್ತದೆ. ಏರಿನಲ್ಲಿ ಐದಾರು ಕಿ.ಮೀ. ವೇಗ ಕಳೆದುಕೊಂಡು ಇಳಿಜಾರಿನಲ್ಲಿ ಅದನ್ನೇ ಮರಳಿ ಪಡೆಯಿರಿ. ಉದ್ದನೆಯ ಇಳಿಜಾರಿನಲ್ಲಿ ಬ್ಯಾಟರಿ ಬೇಗ ತುಂಬಿಬಿಡುತ್ತದೆ. ಆಗ ಕಂಪ್ಯೂಟರ್ ಇಂಧನವಿಲ್ಲದೆ ಎಂಜಿನ್ನನ್ನು ಗಿರಗಿರ ತಿರುಗಿಸಿ ಹೆಚ್ಚುವರಿ ಶಕ್ತಿಯನ್ನು ಚೆಲ್ಲುತ್ತದೆ. ಸದ್ದು ಕೇಳಿ ಗಾಬರಿಯಾಗಬೇಕಿಲ್ಲ. ಗೇರಿನ ಬಿ ಸ್ಥಾನ ಇರುವುದು ಇಂಥಲ್ಲಿ ಬ್ರೇಕುಗಳನ್ನು ತಂಪಾಗಿಡಲು. ಹೆಚ್ಚು ಚಾರ್ಜ್ ಆಗುತ್ತದೆಂದು ಊರೊಳಗೆ ಬಳಸಿದರೆ ಆಗುವುದು ನಷ್ಟವೇ.

ಟೈರಿನ ಗಾಳಿಯನ್ನು ತಿಂಗಳಿಗೊಮ್ಮೆ, ಕಾರು ಓಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಬೇಕು. ಅಂಕಿ ಚಾಲಕನ ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿರುತ್ತದೆ. ಟೈರಿನ ಮೇಲೆ ಬರೆದದ್ದು ಅದರ ಗರಿಷ್ಠ ಮಿತಿ, ತುಂಬಬೇಕಾದ್ದಲ್ಲ. ಉಷ್ಣಾಂಶ ಆರು ಡಿಗ್ರಿಯಷ್ಟು ಇಳಿದರೆ ಒತ್ತಡ ಒಂದು ಪಿಎಸ್‌ಐ ಇಳಿಯುತ್ತದೆ. ಹೊಸ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದರೆ ಕಾರಿನಲ್ಲಿ ದೋಷ ಹುಡುಕಬೇಡಿ. ಹೊಸ ರಬ್ಬರಿನ ದಪ್ಪ ಪದರ ಹೆಚ್ಚು ಶಕ್ತಿ ತಿನ್ನುತ್ತದೆ.

ದೋಷ ನಿಜಕ್ಕೂ ಇರುವುದು ಯಾರೂ ನೋಡದ ಎರಡು ಕಡೆ. ಹೈಬ್ರಿಡ್‌ನಲ್ಲಿ ಪ್ಯಾಡುಗಳಿಗೆ ಕೆಲಸ ಕಡಿಮೆಯಾದ್ದರಿಂದ ಅವನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಜಾರುಪಿನ್ನುಗಳು ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತವೆ, ಪ್ಯಾಡು ಸದಾ ಡಿಸ್ಕಿಗೆ ಉಜ್ಜುತ್ತಿರುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ಒಂದು ಚಕ್ರದ ಬಳಿ ಮಾತ್ರ ಝಳ ಹೆಚ್ಚಿದ್ದರೆ ಅದೇ ಕಾರಣವಿರಬಹುದು. ಪಿನ್ನುಗಳನ್ನು ಬಿಚ್ಚಿ ಒರೆಸಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿಸಬೇಕು. ಇನ್ನೊಂದು, ಹಲವು ಕಾರುಗಳಲ್ಲಿ ಹಿಂದಿನ ಸೀಟಿನ ಪಕ್ಕದಲ್ಲಿರುವ ಬ್ಯಾಟರಿಯ ಗಾಳಿಕಿಂಡಿ. ಅಲ್ಲಿ ಚೀಲವನ್ನೋ ಬಟ್ಟೆಯನ್ನೋ ಒರಗಿಸಿದರೆ, ಜಾಲರಿಯಲ್ಲಿ ಧೂಳು, ನಾಯಿಯ ಕೂದಲು ಕಟ್ಟಿಕೊಂಡರೆ ಬ್ಯಾಟರಿ ಬಿಸಿಯಾಗುತ್ತದೆ. ಕಂಪ್ಯೂಟರ್ ಅದರ ಬಳಕೆಯನ್ನು ಮೊಟಕುಗೊಳಿಸಿ ಹೊರೆಯನ್ನೆಲ್ಲ ಎಂಜಿನ್ನಿಗೆ ವರ್ಗಾಯಿಸುತ್ತದೆ. ಹಿಂದಿನ ಸೀಟಿನ ಕಡೆಯಿಂದ ಫ್ಯಾನಿನ ಸದ್ದು ಮೊದಲಿಗಿಂತ ಜೋರಾಗಿದ್ದರೆ ಜಾಲರಿ ತೆಗೆದು ಸ್ವಚ್ಛಗೊಳಿಸುವ ಹೊತ್ತಾಯಿತು ಎಂದರ್ಥ.

ಇದೆಲ್ಲದರ ಫಲವನ್ನು ಅಳೆಯುವಾಗ ಡ್ಯಾಶ್‌ಬೋರ್ಡಿನ ಅಂಕಿಯನ್ನು ಪೂರ್ತಿ ನಂಬಬೇಡಿ, ಅದು ಕೆಲವು ಶೇಕಡಾ ಹೆಚ್ಚೇ ತೋರಿಸುವುದುಂಟು. ಬಂಕಿನ ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿ ಓಡೋಮೀಟರ್ ಬರೆದಿಟ್ಟುಕೊಳ್ಳಿ. ಮುಂದಿನ ಸಲವೂ ಹಾಗೆಯೇ ತುಂಬಿಸಿ ಓಡಿದ ದೂರವನ್ನು ತುಂಬಿದ ಲೀಟರುಗಳಿಂದ ಭಾಗಿಸಿ. ಪ್ರತಿ ಸಲ ನಳಿಕೆ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಒಂದು ಟ್ಯಾಂಕಿನ ಲೆಕ್ಕ ಸಾಲದು, ಕನಿಷ್ಠ ಮೂರರ ಸರಾಸರಿ ಬೇಕು. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ ಶಕ್ತಿ. ಅದರ ಬೆರಕೆಯ ಪ್ರಮಾಣ ನಡುವೆ ಬದಲಾದರೆ ಹೋಲಿಕೆಯನ್ನು ಮೊದಲಿಂದ ಶುರು ಮಾಡಬೇಕಾಗುತ್ತದೆ.