ಚೇಲೆ ಕಟ್ಟಲು ಒಲ್ಲದ ಬೆರಳುಗಳು

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ, ಕದಿರು ತೆಗೆಯಲು ಗದ್ದೆಗೆ ಹೊರಡುವ ಹೊತ್ತು. ದೊಡ್ಡಪ್ಪ ಕುಪ್ಯ ಎಂಬ ಉದ್ದ ಕೋಟು ಹಾಕಿಕೊಂಡು, ಸೊಂಟಕ್ಕೆ ಚೇಲೆ ಎಂಬ ರೇಷ್ಮೆ ಪಟ್ಟಿ ಸುತ್ತಿ, ಅದರ ತುದಿ ಸಿಕ್ಕಿಸಲು ಒದ್ದಾಡುತ್ತಿದ್ದರು. ನಲವತ್ತು ವರ್ಷ ತಾವೇ ಕಟ್ಟಿಕೊಂಡವರು. ಆವತ್ತು ಬೆರಳು ಮಾತು ಕೇಳಲಿಲ್ಲ. "ಚಳಿ ಕಣೋ, ನೀನೇ ಕಟ್ಟು" ಅಂದರು. ಕಟ್ಟಿದೆ. ಆ ಚಳಿಯಲ್ಲಿ ಯಾರಿಗೆ ತಾನೇ ಅನುಮಾನ ಬರುತ್ತೆ?

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಶರ್ಟಿನ ಗುಂಡಿ ಹಾಕಲು ಐದು ನಿಮಿಷ ಬೇಕಾಯಿತು. ಬ್ಯಾಂಕಿನಲ್ಲಿ ಸಹಿ ಹೊಂದಲಿಲ್ಲ. ತೋಟದ ಇಳಿಜಾರಿನಲ್ಲಿ ಕಾಲು ಬಿಗಿದ ಹಾಗಾಗಿ ತೂರಾಡುತ್ತಿದ್ದರು. ತೋರಿಸಿದ ಕಡೆ "ವಯಸ್ಸಾಯ್ತಲ್ಲ" ಎಂದು ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದರು. ಒಂದು ವರ್ಷ ಸುಮ್ನೆ ಹೋಯಿತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅವರಿಗೆ ಕತ್ತು ನೋವು ಇರಲೇ ಇಲ್ಲ. ಹಾಗಾಗಿ ಕತ್ತಿನ ಕಡೆ ಯಾರೂ ನೋಡಲಿಲ್ಲ.

ಮೈಸೂರಿನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಕತ್ತಿನ ಮೂಳೆಗಳ ಹಿಂದೆ ಒಂದು ಬಿಳಿ ಪಟ್ಟಿ ಕಂಡಿತು. ಅಲ್ಲಿ ಬಿಳಿ ಇರಬಾರದು. ಅದು ಮೂಳೆ.

ಬೆನ್ನುಮೂಳೆ ಎಂದರೆ ಒಂದರ ಮೇಲೊಂದು ಜೋಡಿಸಿದ ಮಣಿಗಳು. ಕತ್ತಿನಲ್ಲಿ 7 ಇವೆ. ಅವು ಜಾರದಂತೆ ಹಿಡಿದಿಡುವ ಗಟ್ಟಿ ನಾರಿನ ಪಟ್ಟಿಗಳೇ ಲಿಗಮೆಂಟ್‌ಗಳು. ಮಣಿಗಳ ಮುಂಬದಿಯಲ್ಲಿ ಒಂದು ಉದ್ದ ಪಟ್ಟಿ, ಹಿಂಬದಿಯಲ್ಲಿ ಇನ್ನೊಂದು. ಹಿಂಬದಿಯ ಪಟ್ಟಿಗೆ ಅಂಟಿಕೊಂಡಂತೆ, ಮೂಳೆಯ ಕೊಳವೆಯೊಳಗೆ ಬೆನ್ನುಹುರಿ ಇಳಿಯುತ್ತದೆ. ಕತ್ತಿನಲ್ಲಿ ಆ ಕೊಳವೆಯ ಅಗಲ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ ಬೆನ್ನುಹುರಿಗೇ ಬೇಕು. ಹಿಂಬದಿಯ ಪಟ್ಟಿ ಮೂಳೆಯಾಗಿ ದಪ್ಪವಾಗುತ್ತಾ ಬಂದರೆ ಒತ್ತಡವೆಲ್ಲ ಹುರಿಯ ಮೇಲೆ. ಹಿಂಬದಿಯ ಉದ್ದ ಲಿಗಮೆಂಟ್ ಮೂಳೆಯಾಗುವ ಈ ಕಾಯಿಲೆಯನ್ನು ಡಾಕ್ಟರುಗಳು ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಒಪಿಎಲ್‌ಎಲ್ ಎನ್ನುತ್ತಾರೆ.

ಇದು ಪಾತ್ರೆಗೆ ಕಟ್ಟುವ ಸುಣ್ಣದಂತೆ ಬರೀ ಕ್ಯಾಲ್ಸಿಯಂ ಕೂತಿರುವುದಲ್ಲ. ಲಿಗಮೆಂಟಿನ ಜೀವಕೋಶಗಳು ಮೊದಲು ಮೃದ್ವಸ್ಥಿಯ, ಅಂದರೆ ಮೆತ್ತನೆಯ ಎಲುಬಿನ, ದಾರಿ ಹಿಡಿಯುತ್ತವೆ, ಆಮೇಲೆ ಆ ಜಾಗದಲ್ಲಿ ನಿಜವಾದ ಮೂಳೆ ಬೆಳೆಯುತ್ತದೆ. ಒಳಗೆ ಮಜ್ಜೆ ಕೂಡ ಇರಬಹುದು. ಮಗುವಿನ ಕೈಕಾಲು ಮೂಳೆ ಬೆಳೆಯುವುದೂ ಇದೇ ದಾರಿಯಲ್ಲೇ. ಮೂಳೆ ಬೆಳೆಸುವ ಸೂಚನೆ ಕೊಡುವ ಪದಾರ್ಥಗಳು ನಮ್ಮ ದೇಹದಲ್ಲೇ ಇವೆ. 1965ರಲ್ಲಿ ಮಾರ್ಷಲ್ ಉರಿಸ್ಟ್ ಎಂಬ ಅಮೆರಿಕದ ವೈದ್ಯ, ಖನಿಜಾಂಶ ತೆಗೆದ ಮೂಳೆಯ ಚೂರನ್ನು ಪ್ರಾಣಿಗಳ ಸ್ನಾಯುವಿನಲ್ಲಿ ಇಟ್ಟು, ಅಲ್ಲಿ ಹೊಸ ಮೂಳೆ ಹುಟ್ಟುವುದನ್ನು ತೋರಿಸಿದ. ಅಂದರೆ ಸೂಚನೆ ಸಿಕ್ಕರೆ ಮೂಳೆ ಇರಬಾರದ ಜಾಗದಲ್ಲೂ ಏಳಬಹುದು. ನಮ್ಮ ಬೆನ್ನುಹುರಿಯ ಪಕ್ಕದಲ್ಲಿ ಆ ಸೂಚನೆ ಯಾಕೆ ಏಳುತ್ತದೆ ಎಂಬುದರಲ್ಲಿ ವಂಶವಾಹಿಗಳ ಪಾಲು ಇದೆ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ನಂಟೂ ಇದೆ. ಜಪಾನಿನಲ್ಲಿ ನೂರಕ್ಕೆ 2ರಿಂದ 4 ಮಂದಿಯಲ್ಲಿ ಕಾಣುವುದರಿಂದ ಒಂದು ಕಾಲದಲ್ಲಿ ಇದನ್ನು ಜಪಾನಿಯರ ಕಾಯಿಲೆ ಎಂದೇ ಕರೆಯುತ್ತಿದ್ದರು. ಈಗ ನಮ್ಮಲ್ಲೂ ಸ್ಕ್ಯಾನ್ ಮಾಡಿದಾಗ ಸಿಗುತ್ತಲೇ ಇದೆ.

ಮುಂಬದಿಯ ಪಟ್ಟಿ ಮೂಳೆಯಾಗುವುದು ಬೇರೆ ಕಥೆ. ಫ್ರಾನ್ಸಿನ ವೈದ್ಯ ಫಾರೆಸ್ಟಿಯರ್ 1950ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಅದನ್ನು ವಿವರಿಸಿದರು. ಕರಗಿದ ಮೇಣ ಮಣಿಗಳ ಮೇಲೆ ಹರಿದ ಹಾಗೆ ಕಾಣುತ್ತದೆ. ಎದೆಯ ಭಾಗದಲ್ಲಿ ಅದು ಬಲಗಡೆಯೇ ಜಾಸ್ತಿ. ಎಡಗಡೆ ದೊಡ್ಡ ರಕ್ತನಾಳ ಸದಾ ಮಿಡಿಯುತ್ತಿರುತ್ತದೆ, ಮೂಳೆಗೆ ಅಲ್ಲಿ ಬೆಳೆಯಲು ಬಿಡುವುದಿಲ್ಲ ಎಂಬುದು ವೈದ್ಯರ ಊಹೆ. ಒಳಗಿನ ಅಂಗಗಳು ಎಡಬಲ ಅದಲುಬದಲಾಗಿ ಹುಟ್ಟಿದವರಲ್ಲಿ ಅದು ಎಡಗಡೆ ಬರುವುದು ನೋಡಿದರೆ ಊಹೆ ಸರಿಯೇ ಇರಬೇಕು. ಕೋಲಿನಂತೆ ಗಟ್ಟಿಯಾದ ಈ ಬೆನ್ನು ಸಣ್ಣದಾಗಿ ಬಿದ್ದರೂ ಮುರಿಯಬಹುದು. ಬಯಲುಸೀಮೆಯ ಫ್ಲೋರೈಡ್ ನೀರು ವರ್ಷಗಟ್ಟಲೆ ಕುಡಿದವರಲ್ಲೂ ಲಿಗಮೆಂಟ್ ಮೂಳೆಯಾಗಬಹುದು.

ನಮ್ಮ ಊರಿನ ಮಟ್ಟಿಗೆ ನನಗೆ ಹೆಚ್ಚು ಭಯವಾಗುವುದು ಜಾರುವುದರ ಬಗ್ಗೆ. ಆಷಾಢದಲ್ಲಿ ಪಾಚಿ ಕಟ್ಟಿದ ಅಂಗಳ, ತೋಟದ ಕೆಸರು ದಾರಿ ಎಲ್ಲ ಜಾರುತ್ತವೆ. ಒಳಗೆ ಜಾಗವೇ ಇಲ್ಲದ ಕತ್ತು ಹಿಂದಕ್ಕೆ ಬಾಗಿದರೆ ಕೊಳವೆ ಇನ್ನಷ್ಟು ಕಿರಿದಾಗುತ್ತದೆ. ಸಣ್ಣದಾಗಿ ಬಿದ್ದರೂ ಕೈಕಾಲಿನ ಬಲ ಹೋಗಬಹುದು. ಏಣಿ ಹತ್ತಿ, ತಲೆ ಎತ್ತಿ ಮೆಣಸು ಕೊಯ್ಯುವುದು ದೊಡ್ಡಪ್ಪನಿಗೆ ಸ್ಕ್ಯಾನ್ ಆದ ದಿನವೇ ನಿಂತಿತು. ಕತ್ತು ತಿರುಗಿಸಿ ಲಟಿಕೆ ತೆಗೆಸುವುದಂತೂ ಬೇಡವೇ ಬೇಡ.

ಮೈಸೂರಿನ ಡಾಕ್ಟರು ಅವರ ಕೈ ಹಿಡಿದು, ಮುಷ್ಟಿ ಕಟ್ಟಿ ಬಿಚ್ಚಿ ಎಂದರು, ಹತ್ತು ಸೆಕೆಂಡು ಲೆಕ್ಕ ಹಾಕಿದರು. ಆರೋಗ್ಯವಂತರು 20 ಸಲವಾದರೂ ಮಾಡುತ್ತಾರೆ. ದೊಡ್ಡಪ್ಪ ಮಾಡಿದ್ದು 11. ಬೆರಳು ಜೋಡಿಸಿ ಚಾಚಿದಾಗ ಕಿರುಬೆರಳು ತಾನಾಗಿ ದೂರ ಸರಿಯಿತು. ಇದು ಬೆನ್ನುಹುರಿ ನಲುಗಿದ್ದರ ಗುರುತು.

ಬೆಳೆದ ಮೂಳೆಯನ್ನು ಕರಗಿಸುವ ಮಾತ್ರೆ ಇಲ್ಲ. ಹುರಿ ನಲುಗುತ್ತಿದ್ದರೆ ಆಪರೇಷನ್ ಬೇಕು. ಮಣಿಗಳ ಹಿಂಬದಿಯ ಕಮಾನನ್ನು ಒಂದು ಕಡೆ ಕತ್ತರಿಸಿ, ಇನ್ನೊಂದು ಕಡೆ ಕೀಲು ಬಿಟ್ಟು, ಬಾಗಿಲು ತೆರೆದ ಹಾಗೆ ತೆರೆದು ನಿಲ್ಲಿಸುತ್ತಾರೆ. ಹುರಿ ಹಿಂದಕ್ಕೆ ಸರಿದು ಹಗುರಾಗುತ್ತದೆ. ಜಪಾನಿನ ಸರ್ಜನ್‌ಗಳು ಬೆಳೆಸಿದ ವಿಧಾನ ಇದು. ಮುಖ್ಯ ಉದ್ದೇಶ ಇನ್ನಷ್ಟು ಹದಗೆಡದಂತೆ ತಡೆಯುವುದು. ಕಳೆದುಹೋದದ್ದೆಲ್ಲ ಮರಳುತ್ತದೆ ಎನ್ನುವಂತಿಲ್ಲ. ಬೇಗ ಮಾಡಿಸಿದಷ್ಟೂ ಮರಳುವುದು ಜಾಸ್ತಿ.

ಆಪರೇಷನ್ ಆದ ಮೇಲೆ ದೊಡ್ಡಪ್ಪ ಈಗ ಹತ್ತು ಸೆಕೆಂಡಿನಲ್ಲಿ 17 ಸಲ ಮುಷ್ಟಿ ಕಟ್ಟುತ್ತಾರೆ. ಕಳೆದ ಹುತ್ತರಿಗೆ ಚೇಲೆ ತಾವೇ ಕಟ್ಟಿಕೊಂಡರು, ನಿಧಾನವಾಗಿ. ಎಡಗೈಯ ಕಿರುಬೆರಳು ಮಾತ್ರ ಇವತ್ತಿಗೂ ಉಳಿದವುಗಳ ಜೊತೆ ಸೇರುವುದಿಲ್ಲ.